ಲಸಿಕೆ ಬಂತು, ವಿಶ್ವಾಸ ಬರಲಿಲ್ಲ

2021ರ ಕೊನೆಯ ತಿಂಗಳುಗಳಲ್ಲಿ ಕನ್ನಡದ ಸುದ್ದಿ ವಾಹಿನಿಗಳಿಗೆ ಒಂದು ಹೊಸ ಮನರಂಜನೆ ಸಿಕ್ಕಿತು. ಲಸಿಕೆ ಹಾಕಲು ಬಂದವರನ್ನು ಕಂಡು ಹೊಲದ ಕಡೆ ಓಡುವ ಮುದುಕ, ಮಾಳಿಗೆ ಹತ್ತಿ ಕುಳಿತು ಇಳಿಯಲೊಲ್ಲೆ ಎನ್ನುವವನು, ಮೈಮೇಲೆ ದೇವರು ಬಂತೆಂದು ಕೂಗಾಡುವ ಹೆಂಗಸು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳ ಹೆಸರಿನಲ್ಲಿ ಇಂಥ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ವಾಹಿನಿಗಳು ಅವಕ್ಕೆ ಹಾಸ್ಯದ ಸಂಗೀತ ಸೇರಿಸಿ ಮತ್ತೆ ಮತ್ತೆ ತೋರಿಸಿದವು. ಅಧಿಕಾರಿಗಳು ತಲೆ ಚಚ್ಚಿಕೊಂಡರು, ಪಟ್ಟಣದವರು ನಕ್ಕರು. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಜನ ಅಜ್ಞಾನಿಗಳು, ಇವರಿಗೆ ಎಷ್ಟು ಹೇಳಿದರೂ ಅಷ್ಟೇ.

ಈ ನಗುವಿನ ಬಗ್ಗೆ ನಾವು ಸ್ವಲ್ಪ ಯೋಚಿಸಬೇಕಾಗಿದೆ. ಅಜ್ಞಾನ ಎಂಬ ಒಂದೇ ಪದ ಹೇಳಿ ಎರಡು ವರ್ಷಗಳ ಲೆಕ್ಕವನ್ನು ಮುಚ್ಚಿಬಿಡಬಹುದೇ? ಸರಕಾರದ ಸೂಜಿಗೆ ಹೆದರಿದವನು ಅದಕ್ಕೂ ಮುಂಚೆ ಸರಕಾರವನ್ನು ಎಲ್ಲಿ, ಯಾವ ರೂಪದಲ್ಲಿ ಕಂಡಿದ್ದ ಎಂದು ಕೇಳಬೇಡವೇ?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಮ್ಮ ತಕರಾರು ಲಸಿಕೆಯ ಮೇಲಲ್ಲ. ಯಾವ ಔಷಧಕ್ಕೂ ಇರುವಂತೆ ಕೋವಿಡ್ ಲಸಿಕೆಗೂ ಅಪರೂಪದ ಅಡ್ಡಪರಿಣಾಮಗಳಿವೆ. ಆದರೆ ಅದು ಲಕ್ಷಾಂತರ ಜೀವಗಳನ್ನು ಉಳಿಸಿತೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಹಾಕಿಸಿಕೊಳ್ಳುವುದು ಸರಿಯಾದ ಕೆಲಸವೇ ಆಗಿತ್ತು. ನಮ್ಮ ತಕರಾರು ಇರುವುದು ಆ ಲಸಿಕೆಯನ್ನು ಜನರ ಬಳಿಗೆ ತಂದ ಆಡಳಿತದ ಮೇಲೆ. ತನ್ನ ತಪ್ಪಿನ ಭಾರವನ್ನು ಪ್ರತಿ ಹಂತದಲ್ಲೂ ಜನರ ಹೆಗಲಿಗೇ ಹೊರಿಸಿದ ಅದರ ಜಾಣ್ಮೆಯ ಮೇಲೆ.

ಹಿಂದುಳಿದವರಲ್ಲಿ ಹಿಂದುಳಿದವರು

ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲ. ಎರಡು ನದಿಗಳು ಹರಿಯುತ್ತವೆ, ಆದರೆ ಜನ ಬದುಕು ಅರಸಿ ಊರು ಬಿಡುತ್ತಾರೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ನೀಡಿದಾಗ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆ ಪಟ್ಟಿಯಲ್ಲಿ ದೇವದುರ್ಗವಿತ್ತು, ಮಾನ್ವಿಯೂ ಇತ್ತು. 2018ರಲ್ಲಿ ಕೇಂದ್ರ ಸರಕಾರ ದೇಶದ ಹಿಂದುಳಿದ ಜಿಲ್ಲೆಗಳಿಗೆ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂಬ ಚೆಂದದ ಹೆಸರು ಕೊಟ್ಟಾಗ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು ಮತ್ತು ಯಾದಗಿರಿ. ಈ ನಡುವೆ ಸಂವಿಧಾನಕ್ಕೆ 371 (ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರುಗಳು ಬದಲಾದಷ್ಟು ಸುಲಭವಾಗಿ ಆಸ್ಪತ್ರೆಗಳು ಬದಲಾಗಲಿಲ್ಲ.

ಜಿಲ್ಲೆಯ ದೊಡ್ಡ ಸರಕಾರಿ ಆಸರೆಯೆಂದರೆ ರಾಯಚೂರು ನಗರದ ರಿಮ್ಸ್ ಮತ್ತು ಜನ ‘ಓಪೆಕ್’ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಓಪೆಕ್ ನಿಧಿಯ ಸಾಲದಿಂದ ಕಟ್ಟಿದ ಈ ಆಸ್ಪತ್ರೆ ಒಂದು ದಶಕ ಕಾಲ ಖಾಸಗಿ ಸಂಸ್ಥೆಯ ನಿರ್ವಹಣೆಯಲ್ಲಿದ್ದು 2012ರಲ್ಲಿ ಮತ್ತೆ ಸರಕಾರದ ಕೈಗೆ ಬಂತು. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ಈ ಆಸ್ಪತ್ರೆಗಳ ಬಾಗಿಲಿಗೆ ಬರಬೇಕಾದರೆ ಐವತ್ತು ಕಿಲೋಮೀಟರಿನ ಆಸುಪಾಸು ದಾರಿ. ತಾಂಡಾಗಳಿಂದ, ಹೊಳೆಯಂಚಿನ ಹಳ್ಳಿಗಳಿಂದ ಇನ್ನೂ ದೂರ. ಇಲ್ಲಿಯೂ ಆಗದಿದ್ದರೆ ಹೈದರಾಬಾದು, ಕರ್ನೂಲು, ಬಳ್ಳಾರಿ. ಕೈಯಲ್ಲಿ ಹಣವಿಲ್ಲದವನಿಗೆ ಮನೆಯ ಮೂಲೆ.

ಈ ನೆಲದ ಇನ್ನೊಂದು ಮಾತು ಗುಳೆ. ಮಳೆ ಕೈಕೊಟ್ಟಾಗ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದಾಗ, ಕುಟುಂಬಕ್ಕೆ ಕುಟುಂಬವೇ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಹೊರಡುತ್ತದೆ. ಮೆಟ್ರೊ ನಗರಗಳ ಗೋಡೆಗಳಲ್ಲಿ ರಾಯಚೂರಿನವರ ಬೆವರಿದೆ. ಕೊರೊನಾ ಈ ಜಿಲ್ಲೆಗೆ ಬಂದ ಕಥೆಯೂ ಇಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ದೂರು

2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಯ ಮುನ್ಸೂಚನೆ ಕೊಟ್ಟು ದೇಶಕ್ಕೆ ಬೀಗ ಹಾಕಲಾಯಿತು. ಗುಳೆ ಹೋದವರು ಹೋದಲ್ಲೇ ಸಿಕ್ಕಿಬಿದ್ದರು. ಕೂಲಿ ನಿಂತಿತು, ಗುತ್ತಿಗೆದಾರ ಕೈಯೆತ್ತಿದ. ಮೇ ತಿಂಗಳ ಆರಂಭದಲ್ಲಿ ಬಸ್ಸು ಬಿಟ್ಟಾಗ ಮೊದಲು ಮುಂದೆ ಬಂದದ್ದು ಟಿಕೆಟಿನ ದರ. ಅದು ದೊಡ್ಡ ಗಲಾಟೆಯಾದ ಮೇಲಷ್ಟೇ ಪ್ರಯಾಣ ಉಚಿತವಾಯಿತು. ಹೊರರಾಜ್ಯದ ಕಾರ್ಮಿಕರಿಗಾಗಿ ಕೇಳಿದ್ದ ರೈಲುಗಳನ್ನಂತೂ, ಕಟ್ಟಡ ನಿರ್ಮಾಣ ಉದ್ಯಮಿಗಳು ಮುಖ್ಯಮಂತ್ರಿಗಳನ್ನು ಭೇಟಿಯಾದ ಬೆನ್ನಿಗೇ, ಸರಕಾರ ಬೇಡವೆಂದುಬಿಟ್ಟಿತು. ದೇಶದೆಲ್ಲೆಡೆ ಟೀಕೆ ಎದ್ದಾಗ ಎರಡೇ ದಿನಗಳಲ್ಲಿ ತೀರ್ಮಾನ ಬದಲಾಯಿತು. ಆದರೆ ಕೂಲಿಯವನ ಮನಸ್ಸಿನಲ್ಲಿ ಒಂದು ಪಾಠ ಉಳಿಯಿತು: ಸರಕಾರಕ್ಕೆ ಬೇಕಾದದ್ದು ನಮ್ಮ ಕೈಗಳು, ನಾವಲ್ಲ.

ಮೇ ತಿಂಗಳ ಮಧ್ಯದವರೆಗೆ ರಾಯಚೂರು ಒಂದೂ ಪ್ರಕರಣವಿಲ್ಲದ ಹಸಿರು ಜಿಲ್ಲೆಯಾಗಿತ್ತು. ಮಹಾರಾಷ್ಟ್ರದಿಂದ ಜನ ಮರಳಿದರು. ಶಾಲೆಗಳು, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ತಿಂಗಳ ಕೊನೆಗೆ ಒಂದೇ ದಿನದಲ್ಲಿ ಹತ್ತಾರು ಪ್ರಕರಣಗಳು ಪತ್ತೆಯಾದವು. ಊರು ಬಿಟ್ಟು ಹೋಗುವಾಗ ಯಾರ ಲೆಕ್ಕಕ್ಕೂ ಸಿಗದಿದ್ದವರು ಮರಳಿ ಬಂದಾಗ ರೋಗ ಹೊತ್ತು ತಂದವರಾಗಿಬಿಟ್ಟರು. ದೂರು ಅವರ ಮೇಲೆ ಬಂತು. ಅವರು ಏಕೆ ಹೋದರು, ಎರಡು ತಿಂಗಳು ಅವರನ್ನು ಅಲ್ಲಿ ಏಕೆ ಕೂಡಿಹಾಕಲಾಯಿತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಇದಕ್ಕೂ ಮುಂಚೆ ದೂರು ಹೊತ್ತವರು ಬೇರೆ. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಬಂದದ್ದೇ ತಡ, ಒಂದು ರೋಗಾಣುವಿಗೆ ಧರ್ಮ ಅಂಟಿಕೊಂಡಿತು. ಆರೋಗ್ಯ ಇಲಾಖೆಯ ದೈನಂದಿನ ಅಂಕಿ ಅಂಶಗಳಲ್ಲೇ ತಬ್ಲೀಗ್ ಜಮಾಅತ್‌ಗೆ ಪ್ರತ್ಯೇಕ ಸಾಲು ಸೃಷ್ಟಿಯಾಯಿತು. ವಾಹಿನಿಗಳು ಅದಕ್ಕೆ ‘ಜಿಹಾದ್’ ಎಂಬ ಪದ ಜೋಡಿಸಿದವು. ಹಣ್ಣು, ತರಕಾರಿ ಮಾರುವ ಬಡಪಾಯಿಗಳನ್ನು ಬೀದಿಗೆ ಬಾರದಂತೆ ತಡೆದ ಘಟನೆಗಳು ಅನೇಕ. ಒಂದು ಸಮುದಾಯವನ್ನು ಗುರಿ ಮಾಡಬಾರದೆಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಎಚ್ಚರಿಕೆ ನೀಡಿದ್ದನ್ನು ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೆ ಆ ಮಾತು ಕೆಳಗಿನವರೆಗೆ ಇಳಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ತೀರ್ಪು ಬಂದ ದಿನ ಎಷ್ಟು ವಾಹಿನಿಗಳು ಅದನ್ನು ದಿನವಿಡೀ ಚರ್ಚಿಸಿದವು?

ಸಭೆಗೆ ಇದ್ದ ಗಾಳಿ ಆಸ್ಪತ್ರೆಗೆ ಇರಲಿಲ್ಲ

ಎರಡನೇ ಅಲೆ ಬರಬಹುದೆಂದು ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ಕೊನೆಯಲ್ಲೇ ಎಚ್ಚರಿಸಿತ್ತು. ಎಚ್ಚರಿಕೆ ಕಡತ ಸೇರಿತು. ರಾಯಚೂರು ಜಿಲ್ಲೆಗಾದರೋ ಆ ವಸಂತದಲ್ಲಿ ಒಂದು ಉಪಚುನಾವಣೆ ಬಂತು. ಮಸ್ಕಿ ಕ್ಷೇತ್ರಕ್ಕೆ 2021ರ ಏಪ್ರಿಲ್ 17ರಂದು ಮತದಾನ. ಅದಕ್ಕೂ ಮುಂಚಿನ ವಾರಗಳಲ್ಲಿ ಬೆಂಗಳೂರಿನ ರಾಜಕೀಯವೆಲ್ಲ ಮಸ್ಕಿಯಲ್ಲಿ ಬೀಡುಬಿಟ್ಟಿತ್ತು. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲದೆ ಸಭೆಗಳು, ಮೆರವಣಿಗೆಗಳು, ಭುಜಕ್ಕೆ ಭುಜ ತಾಗಿಸಿ ನಿಂತ ಜನ. ಮದುವೆಗೆ ಇಷ್ಟು ಜನ, ಅಂತ್ಯಕ್ರಿಯೆಗೆ ಇಷ್ಟು ಜನ, ಮಸೀದಿ ಮಂದಿರಗಳಿಗೆ ಇಂತಿಷ್ಟು ನಿಯಮ ಎಂದು ಆದೇಶ ಹೊರಡಿಸುವವರೇ ವೇದಿಕೆಯ ಮೇಲಿದ್ದರು. ಪ್ರಚಾರಕ್ಕೆ ಬಂದಿದ್ದ ಮುಖ್ಯಮಂತ್ರಿಗಳಿಗೇ ಮತದಾನದ ಹಿಂದಿನ ದಿನ ಸೋಂಕು ದೃಢಪಟ್ಟಿತು. ಮತದಾನದ ದಿನ ರಾಜ್ಯದಲ್ಲಿ 17 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳಿದ್ದವು. ಹತ್ತು ದಿನ ಕಳೆಯುವಷ್ಟರಲ್ಲಿ ರಾಜ್ಯಕ್ಕೆ ಮತ್ತೆ ಬೀಗ ಬಿತ್ತು.

ಮತ ಎಣಿಕೆ ಮೇ 2ರಂದು ನಡೆಯಿತು. ಅದೇ ರಾತ್ರಿ, ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಒದ್ದಾಡತೊಡಗಿದರು. ಬೆಳಗಾಗುವ ಹೊತ್ತಿಗೆ ಸುದ್ದಿ ದೇಶದ ತುಂಬ ಹರಡಿತ್ತು: 24 ಸಾವು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರಕಾರ ಹೇಳಿತು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಇಷ್ಟಾದ ಮೇಲೂ ಅದೇ ವರ್ಷದ ಜುಲೈ 20ರಂದು ಕೇಂದ್ರ ಸರಕಾರ ರಾಜ್ಯಸಭೆಗೆ ಕೊಟ್ಟ ಉತ್ತರವೇನು? ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ!

ವಿಪರ್ಯಾಸವೆಂದರೆ ಆಮ್ಲಜನಕ ಕರ್ನಾಟಕದಲ್ಲಿ ತಯಾರಾಗುತ್ತಿರಲಿಲ್ಲವೆಂದಲ್ಲ. ರಾಯಚೂರಿನ ನೆರೆಯ ಬಳ್ಳಾರಿಯ ಉಕ್ಕಿನ ಕಾರ್ಖಾನೆಗಳೇ ಅದರ ದೊಡ್ಡ ಮೂಲ. ಯಾವ ರಾಜ್ಯಕ್ಕೆ ಎಷ್ಟು ಎಂದು ದಿಲ್ಲಿ ಹಂಚುತ್ತಿತ್ತು. ಕರ್ನಾಟಕದ ಪಾಲನ್ನು ದಿನಕ್ಕೆ 1200 ಟನ್‌ಗೆ ಏರಿಸಲು ಮೇ 5ರಂದು ಹೈಕೋರ್ಟ್ ಆದೇಶಿಸಬೇಕಾಯಿತು. ಕೇಂದ್ರ ಅದನ್ನು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿಯೂ ಸೋತು ಬಂತು.

ಇದೇ ವಾರದಲ್ಲಿ, ಮೇ 4ರಂದು, ಬೆಂಗಳೂರಿನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮವನ್ನು ಬಯಲಿಗೆಳೆಯುವುದಾಗಿ ಸಂಸದರೊಬ್ಬರು ಶಾಸಕರೊಂದಿಗೆ ಪಾಲಿಕೆಯ ವಾರ್ ರೂಮಿಗೆ ನುಗ್ಗಿದರು. ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಿದ್ದ ಕಡೆ ಅವರು ಓದಿದ್ದು 17 ಹೆಸರುಗಳನ್ನು. ಎಲ್ಲವೂ ಮುಸ್ಲಿಂ ಹೆಸರುಗಳು. ಅಕ್ರಮದಲ್ಲಿ ಅವರ ಕೈವಾಡವಿತ್ತೆಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಅಷ್ಟರಲ್ಲಿ ಆಮ್ಲಜನಕದ ಪ್ರಶ್ನೆ ಪರದೆಯಿಂದ ಮರೆಯಾಗಿತ್ತು. ಇಂಥ ಕಡೆ ಅವಮಾನವಾಗುವುದು ಒಂದು ಸಮುದಾಯಕ್ಕೆ, ನಷ್ಟವಾಗುವುದು ಎಲ್ಲರಿಗೂ. ಹೆಸರು ಓದುವ ಗದ್ದಲದಲ್ಲಿ ಉಸಿರು ಕಟ್ಟಿದವನ ಮನೆಯವರಿಗೆ ಸಿಗಬೇಕಾಗಿದ್ದ ಉತ್ತರ ಸಿಗದೇ ಹೋಯಿತು. ಆ ಮನೆ ಚಾಮರಾಜನಗರದ್ದಿರಲಿ, ರಾಯಚೂರಿನದ್ದಿರಲಿ; ಅದು ಹಿಂದೂ ಮನೆಯೋ ಮುಸ್ಲಿಂ ಮನೆಯೋ ಎಂಬುದು ಅಲ್ಲಿ ಮುಖ್ಯವಲ್ಲ.

ಮೊದಲು ಅಲೆದಾಟ, ಆಮೇಲೆ ಬೆನ್ನಟ್ಟುವಿಕೆ

ಈಗ ಲಸಿಕೆಯ ವಿಷಯಕ್ಕೆ ಬರೋಣ. 2021ರ ಜನವರಿ 16ರಂದು ಅಭಿಯಾನ ಆರಂಭವಾದಾಗ ನೂರ ಮೂವತ್ತು ಕೋಟಿ ದಾಟಿದ ದೇಶ ಮೊದಲ ಬಾರಿಗೆ ಖರೀದಿಸಿದ ಕೋವಿಶೀಲ್ಡ್ ಡೋಸ್‌ಗಳು 1.1 ಕೋಟಿ. ಮಾರ್ಚ್ 1ಕ್ಕೆ ಹಿರಿಯರ ಸರದಿ, ಏಪ್ರಿಲ್ 1ಕ್ಕೆ 45 ದಾಟಿದವರ ಸರದಿ. ಜನ ಬರಲು ಆರಂಭಿಸಿದಾಗ ಲಸಿಕೆ ಮುಗಿಯತೊಡಗಿತು. ಮೇ 1ರಿಂದ 18 ದಾಟಿದವರಿಗೂ ಎಂದು ಘೋಷಣೆಯಾಯಿತು, ಆದರೆ ಅವರಿಗಾಗಿ ರಾಜ್ಯಗಳೇ ಕಂಪೆನಿಗಳಿಂದ ಕೊಂಡುಕೊಳ್ಳಬೇಕೆಂದು ಕೇಂದ್ರ ಕೈತೊಳೆದುಕೊಂಡಿತು. ಕರ್ನಾಟಕ ಮೇ 10ರಂದು ಆರಂಭಿಸಿ ಮೇ 14ರಂದು ನಿಲ್ಲಿಸಿತು. 2 ಕೋಟಿ ಡೋಸ್‌ಗಾಗಿ ಜಾಗತಿಕ ಟೆಂಡರ್ ಕರೆದದ್ದೂ ಫಲ ಕೊಡಲಿಲ್ಲ. ಈ ನೀತಿ ಮೇಲ್ನೋಟಕ್ಕೇ ಸ್ವೇಚ್ಛೆಯದು, ತರ್ಕಹೀನವಾದದ್ದು ಎಂದು ಮೇ 31ರಂದು ಸುಪ್ರೀಂ ಕೋರ್ಟ್ ಹೇಳಿತು. ಒಂದು ವಾರದ ಬಳಿಕ ಪ್ರಧಾನಿಯವರು ಖರೀದಿಯನ್ನು ಮತ್ತೆ ಕೇಂದ್ರವೇ ವಹಿಸಿಕೊಳ್ಳುವುದಾಗಿ ಪ್ರಕಟಿಸಿದರು.

ಇಷ್ಟರ ನಡುವೆ ಹಳ್ಳಿಯವನ ಸ್ಥಿತಿಯೇನು? ಕೋವಿಶೀಲ್ಡ್‌ನ ಎರಡನೇ ಡೋಸಿಗೆ ಮೊದಲು ನಾಲ್ಕರಿಂದ ಆರು ವಾರ ಎಂದರು, ಮಾರ್ಚಿನಲ್ಲಿ ಆರರಿಂದ ಎಂಟು ಎಂದರು, ಮೇ 13ರಂದು ಹನ್ನೆರಡರಿಂದ ಹದಿನಾರು ಎಂದರು. ಅದಕ್ಕೆ ವೈಜ್ಞಾನಿಕ ಕಾರಣವಿತ್ತೆನ್ನೋಣ. ಆದರೆ ಲಸಿಕೆ ಇಲ್ಲದ ದಿನಗಳಲ್ಲೇ ಅವಧಿ ಹಿಗ್ಗಿದಾಗ ಜನ ಅದನ್ನು ವಿಜ್ಞಾನವೆಂದು ಹೇಗೆ ನಂಬಬೇಕು? 18ರಿಂದ 44 ವಯಸ್ಸಿನವರು ಕೋವಿನ್‌ನಲ್ಲಿ ನೋಂದಾಯಿಸಿಯೇ ಬರಬೇಕೆಂಬ ನಿಯಮವಾಯಿತು. ಆ ತಾಣಕ್ಕೆ ಕನ್ನಡ ಬಂದದ್ದು ಜೂನ್ ತಿಂಗಳಲ್ಲಿ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ಕ್ಕೂ ಕಡಿಮೆ, ಮಹಿಳೆಯರಲ್ಲಿ ಅರ್ಧದಷ್ಟೂ ಇಲ್ಲ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಕೈಗಳು ಸ್ಮಾರ್ಟ್‌ಫೋನಿನಲ್ಲಿ ಇಂಗ್ಲಿಷ್ ಓದಿ, ಒಟಿಪಿ ಒತ್ತಿ, ಕ್ಷಣಾರ್ಧದಲ್ಲಿ ಖಾಲಿಯಾಗುವ ಸ್ಲಾಟ್ ಹಿಡಿಯಬೇಕಾಗಿತ್ತು. ಬೆಂಗಳೂರಿನ ವಿದ್ಯಾವಂತ ಯುವಕರು ಸುತ್ತಲಿನ ಜಿಲ್ಲೆಗಳ ಹಳ್ಳಿಗಳ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಖಾಸಗಿ ಆಸ್ಪತ್ರೆಗಳಲ್ಲಿ ಜೂನ್‌ನಲ್ಲಿ ನಿಗದಿಯಾದ ಗರಿಷ್ಠ ದರ ಕೋವಿಶೀಲ್ಡ್‌ಗೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1410. ಕೂಲಿಯವನಿಗೆ ಇದು ಎಷ್ಟು ದಿನಗಳ ದುಡಿಮೆ ಎಂದು ಓದುಗರೇ ಲೆಕ್ಕ ಹಾಕಲಿ.

ಹೀಗೆ ಬೇಕೆಂದು ಬಂದ ದಿನ ಇಲ್ಲವೆಂದು ಕಳುಹಿಸಿದ್ದಾಯಿತು. ಕೆಲವು ತಿಂಗಳು ಕಳೆದು ದಾಸ್ತಾನು ಹೆಚ್ಚಿದಾಗ ಚಿತ್ರ ತಿರುಗಿತು. ಈಗ ಗುರಿ ಮುಟ್ಟಬೇಕು, ಶೇಕಡಾವಾರು ಏರಬೇಕು. ಸಿಬ್ಬಂದಿ ಹೊಲಕ್ಕೆ, ಬಸ್ ನಿಲ್ದಾಣಕ್ಕೆ, ಅಡುಗೆ ಮನೆಯ ಬಾಗಿಲಿಗೆ ಬಂದರು. ಅವರ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜೊತೆಗೆ ಬೆದರಿಕೆಯೂ ಬಂತು. ಆಮ್ಲಜನಕ ಒದಗಿಸಲಾಗದೆ ಹೋದ ಚಾಮರಾಜನಗರದಲ್ಲೇ ನಾಲ್ಕು ತಿಂಗಳ ಬಳಿಕ, ಲಸಿಕೆ ಪಡೆಯದವರಿಗೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂಬ ಘೋಷಣೆ ಜಿಲ್ಲಾಡಳಿತದಿಂದ ಹೊರಟಿತು. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2022ರ ಮೇ ಬಂದಿತ್ತು. ಕಾಯಿಲೆ ಬಿದ್ದಾಗ ಬಾರದ ಸರಕಾರ ಕಾಯಿಲೆ ಇಲ್ಲದಾಗ ಮನೆಬಾಗಿಲಿಗೆ ಏಕೆ ಬಂತು ಎಂದು ಒಬ್ಬ ಮುದುಕ ಅನುಮಾನಿಸಿದರೆ ಅದು ಅಜ್ಞಾನವೇ? ಅದು ಅವನ ಅನುಭವದ ಮಾತು. ಅನುಭವ ಅವನನ್ನು ತಪ್ಪು ತೀರ್ಮಾನಕ್ಕೆ ಒಯ್ದಿರಬಹುದು. ಆದರೆ ಆ ಅನುಭವವನ್ನು ಕೊಟ್ಟವರು ಅವನನ್ನು ನೋಡಿ ನಗಬಾರದು.

ವದಂತಿಗಳು ಇದ್ದವು, ನಿಜ. ಲಸಿಕೆಯಿಂದ ಮಕ್ಕಳಾಗುವುದಿಲ್ಲ, ಎರಡು ವರ್ಷದಲ್ಲಿ ಸಾಯುತ್ತಾರೆ ಎಂಬ ಮಾತುಗಳು ಹಳ್ಳಿಗಳಲ್ಲಿ ಹಬ್ಬಿದಂತೆ, ಮುಸ್ಲಿಂ ಮೊಹಲ್ಲಾಗಳಲ್ಲಿ ಅದರಲ್ಲಿ ಹಂದಿಯ ಅಂಶವಿದೆ ಎಂಬುದೂ ಸೇರಿಕೊಂಡಿತು. ಭಾರತದಲ್ಲಿ ಬಳಸಿದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿ ಅಂಥದ್ದೇನೂ ಇರಲಿಲ್ಲ. ಜೀವ ಉಳಿಸುವ ಲಸಿಕೆ ಧರ್ಮಸಮ್ಮತವೆಂದು ಅರಬ್ ಎಮಿರೇಟ್ಸ್‌ನ ಫತ್ವಾ ಮಂಡಳಿ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು, ನಮ್ಮ ದೇಶದ ಉಲೆಮಾಗಳೂ ಹೇಳಿದರು. ವದಂತಿ ಹರಡಿದವರನ್ನು ನಾವು ಸಮರ್ಥಿಸುವುದಿಲ್ಲ, ಅವರು ತಮ್ಮವರ ಪ್ರಾಣದೊಂದಿಗೇ ಆಟವಾಡಿದರು. ಆದರೆ ವದಂತಿ ಬೇರೂರುವುದು ನಂಬಿಕೆ ಇಲ್ಲದ ನೆಲದಲ್ಲಿ.

ಇದನ್ನು ಈ ದೇಶ ಒಮ್ಮೆ ಅರಿತುಕೊಂಡಿತ್ತು. ಪೋಲಿಯೊ ಹನಿಯನ್ನು ಪಶ್ಚಿಮ ಉತ್ತರ ಪ್ರದೇಶದ ಅನೇಕ ಮುಸ್ಲಿಂ ಬಡಾವಣೆಗಳು ಸಂತಾನಹರಣದ ಹುನ್ನಾರವೆಂದು ತಿರಸ್ಕರಿಸಿದ್ದವು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ನಸಬಂದಿಯ ನೆನಪು ಅಲ್ಲಿ ಹಸಿಯಾಗಿತ್ತು. ಅಧಿಕಾರಿಗಳು ರೇಷನ್ ನಿಲ್ಲಿಸುತ್ತೇವೆ ಎಂದು ಕೂತಿದ್ದರೆ ಪೋಲಿಯೊ ಇಂದಿಗೂ ಇರುತ್ತಿತ್ತು. ಅವರು ಇಮಾಮರ ಬಳಿ ಹೋದರು, ಅಲೀಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳನ್ನು ಜೊತೆಗೂಡಿಸಿಕೊಂಡರು, ಆಯಾ ಗಲ್ಲಿಯ ಹೆಣ್ಣುಮಕ್ಕಳನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿದರು. ಹನಿಯ ಜೊತೆ ಬೇರೆ ಕಾಯಿಲೆಗಳಿಗೂ ಔಷಧ ಕೊಟ್ಟರು. ದೇಶದ ಕೊನೆಯ ಪ್ರಕರಣ 2011ರ ಜನವರಿಯದ್ದು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಲ್ಪಟ್ಟಿತು.

ರಾಯಚೂರಿನಲ್ಲಿ ಆ ಕೆಲಸ ಮಾಡಬಲ್ಲವರು ಇರಲಿಲ್ಲವೇ? ಇದ್ದರು. ಕನ್ನಡ, ಉರ್ದು, ತೆಲುಗು, ಲಂಬಾಣಿ ಬಲ್ಲ, ಪ್ರತಿ ಮನೆಯ ಬಸುರಿ ಬಾಣಂತಿಯರ ಹೆಸರು ಗೊತ್ತಿರುವ ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42 ಸಾವಿರ ಆಶಾಗಳು 2020ರ ಜುಲೈನಲ್ಲಿ, ಸೋಂಕಿನ ನಡುವೆಯೇ, ತಿಂಗಳಿಗೆ 12 ಸಾವಿರ ಗೌರವಧನ ಮತ್ತು ಸುರಕ್ಷತೆಯ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಅವರಿಗೆ ಚಪ್ಪಾಳೆ ತಟ್ಟಿದ ಸರಕಾರ ಸಂಬಳದ ಮಾತಿಗೆ ಬಂದಾಗ ಕಿವುಡಾಯಿತು. ಜನರು ಯಾರನ್ನು ನಂಬುತ್ತಿದ್ದರೋ ಅವರನ್ನೇ ಸರಕಾರ ಅಗ್ಗವಾಗಿ ಕಂಡಿತು.

ಎಣಿಸದ ಸಾವುಗಳು

ಈ ಕಥೆಗೆ ಇನ್ನೂ ಲೆಕ್ಕ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಬಿಡುಗಡೆ ಮಾಡಿದ ಜನನ ಮರಣ ನೋಂದಣಿಯ ಅಂಕಿಗಳಂತೆ 2020ರಲ್ಲಿ ದೇಶದಲ್ಲಿ ದಾಖಲಾದ ಸಾವುಗಳು 81.2 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಹೆಚ್ಚಳ. ಆ ವರ್ಷ ಕೋವಿಡ್‌ನಿಂದ ಎಂದು ಸರಕಾರ ಒಪ್ಪಿಕೊಂಡದ್ದು ಸುಮಾರು 3.3 ಲಕ್ಷ. ನೋಂದಣಿ ಸುಧಾರಿಸಿದ್ದರಿಂದಲೂ ಸಂಖ್ಯೆ ಸ್ವಲ್ಪ ಏರಿರಬಹುದು. ಆದರೂ ಈ ಅಂತರ ಸಣ್ಣದಲ್ಲ. ಪರೀಕ್ಷೆಯಾಗದೆ, ಆಸ್ಪತ್ರೆ ತಲುಪದೆ, ‘ಜ್ವರ ಬಂದು ಹೋದರು’ ಎಂದು ಮಣ್ಣಾದವರು ಈ ಅಂತರದಲ್ಲಿದ್ದಾರೆ. ಪರಿಹಾರವಾಗಿ ಕೇಂದ್ರ 50 ಸಾವಿರ ಎಂದಿತು, ರಾಜ್ಯ ಬಡ ಕುಟುಂಬಗಳಿಗೆ 1 ಲಕ್ಷ ಎಂದಿತು. ಸಾವು ಕೋವಿಡ್‌ನದ್ದೆಂದು ತೋರಿಸುವ ಕಾಗದವೇ ಇಲ್ಲದವನಿಗೆ ಆ ಘೋಷಣೆಯಿಂದ ಏನು ಬಂತು?

2023ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ಕೋವಿಡ್ ಕಾಲದ ಖರೀದಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವನ್ನು ನೇಮಿಸಿತು. ಮಧ್ಯಂತರ ವರದಿ 2024ರ ಆಗಸ್ಟ್‌ನಲ್ಲಿ ಬಂತು. ಪಿಪಿಇ ಕಿಟ್‌ಗಳ ಬೆಲೆಯ ಚರ್ಚೆ ಜೋರಾಗಿ ನಡೆಯಿತು. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ, ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಒಂದು ಪಕ್ಷ ಇನ್ನೊಂದು ಪಕ್ಷವನ್ನು ಹಣಿಯುವ ಅಸ್ತ್ರವಾಗಿ ಮಾತ್ರ ಈ ವರದಿ ಉಳಿದರೆ ದೇವದುರ್ಗದ ಆರೋಗ್ಯ ಕೇಂದ್ರಕ್ಕೆ ಒಬ್ಬ ವೈದ್ಯನೂ ಹೆಚ್ಚಿಗೆ ಬರುವುದಿಲ್ಲ.

ಸಾಂಕ್ರಾಮಿಕದ ಬಳಿಕ ರಾಯಚೂರಿನಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. 2022ರ ಮೇ ಕೊನೆಯಲ್ಲಿ ನಗರಸಭೆಯ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಹಲವರು ಪ್ರಾಣ ಕಳೆದುಕೊಂಡರು, ಅಸ್ವಸ್ಥರಾದವರು ಇನ್ನೂ ಅನೇಕರು. ಎರಡು ನದಿಗಳ ನಡುವಿನ ಊರಿಗೆ ಶುದ್ಧ ನೀರಿಲ್ಲ! ಅದೇ ಮೇ 13ರಂದು ಜಿಲ್ಲೆಗೆ ಏಮ್ಸ್ ಬೇಕೆಂದು ಏಮ್ಸ್ ಹೋರಾಟ ಸಮಿತಿ ಅನಿರ್ದಿಷ್ಟ ಧರಣಿ ಆರಂಭಿಸಿತು. ನಂಜುಂಡಪ್ಪ ಸಮಿತಿ ರಾಯಚೂರಿಗೆ ಶಿಫಾರಸು ಮಾಡಿದ್ದ ಐಐಟಿ ಧಾರವಾಡಕ್ಕೆ ಹೋದದ್ದನ್ನು ಈ ಜನ ಮರೆತಿರಲಿಲ್ಲ. ಧರಣಿ ಸಾವಿರ ದಿನ ದಾಟಿತು, ಏಮ್ಸ್ ಬರಲಿಲ್ಲ.

ಈ ಧರಣಿಯನ್ನು ಯಾವ ವಾಹಿನಿಯೂ ಹಾಸ್ಯದ ಸಂಗೀತ ಸೇರಿಸಿ ತೋರಿಸಲಿಲ್ಲ. ತೋರಿಸಿದ್ದೇ ಕಡಿಮೆ. ಸೂಜಿ ಕಂಡು ಓಡಿದ ರಾಯಚೂರು ಎಲ್ಲರಿಗೂ ಗೊತ್ತು, ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಕುಳಿತ ರಾಯಚೂರು ಯಾರಿಗೂ ಗೊತ್ತಿಲ್ಲ. ವೈದ್ಯಕೀಯವನ್ನೇ ನಂಬದ ಜನ ಸಾವಿರ ದಿನ ಆಸ್ಪತ್ರೆಗಾಗಿ ಧರಣಿ ಕೂರುತ್ತಾರೆಯೇ? ಜನರ ಹತಾಶೆಯ ನಿಜವಾದ ಅರ್ಥ ಇಲ್ಲಿದೆ. ಅವರು ಕಳೆದುಕೊಂಡದ್ದು ಔಷಧದ ಮೇಲಿನ ನಂಬಿಕೆಯನ್ನಲ್ಲ, ಅದನ್ನು ಹಿಡಿದು ಬಂದ ಆಡಳಿತದ ಮೇಲಿನ ನಂಬಿಕೆಯನ್ನು.

ಆದ್ದರಿಂದ ನಾವು ಕೇಳಬೇಕಾದ್ದು ಹೊಸ ಘೋಷಣೆಗಳನ್ನಲ್ಲ. 2020 ಮತ್ತು 2021ರಲ್ಲಿ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಎಷ್ಟು ಜನ ತೀರಿಕೊಂಡರು ಎಂಬ ಲೆಕ್ಕ ಪ್ರಕಟವಾಗಲಿ. ದೇವದುರ್ಗ, ಮಾನ್ವಿಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆಗಳಿವೆ, ಎಷ್ಟು ಖಾಲಿ ಇವೆ ಎಂಬುದನ್ನು ಬಾಗಿಲಿನಲ್ಲೇ ಬರೆದು ಹಾಕಲಿ. ಆಶಾಗಳಿಗೆ ಬದುಕುವಷ್ಟು ಸಂಬಳ ಸಿಗಲಿ. ಗುಳೆ ಹೋಗುವವರ ಹೆಸರು ಹೋಗುವಾಗಲೇ ದಾಖಲಾಗಲಿ, ಅವರು ಹೋದ ಊರಿನಲ್ಲೂ ರೇಷನ್ ಮತ್ತು ಚಿಕಿತ್ಸೆ ದೊರೆಯಲಿ. ಇವನ್ನು ಕೇಳುವಾಗ ಮಸೀದಿಯ ಕಮಿಟಿ, ಮಠ, ಚರ್ಚು, ರೈತ ಸಂಘ, ತಾಂಡಾದ ನಾಯಕ ಎಲ್ಲರೂ ಒಂದೇ ಅರ್ಜಿಗೆ ಸಹಿ ಹಾಕಲಿ. ಅರ್ಜಿ ತಿರಸ್ಕೃತವಾದರೆ ಮುಂದಿನ ಚುನಾವಣೆಯ ಸಭೆಯಲ್ಲಿ ಅದನ್ನೇ ಮತ್ತೆ ಓದಲಿ. ಸಭೆಗೆ ಜನ ಸೇರಿಸುವುದು ಹೇಗೆಂದು ಮಸ್ಕಿಯಲ್ಲಿ ನಮ್ಮ ನಾಯಕರೇ ಕಲಿಸಿಕೊಟ್ಟಿದ್ದಾರಲ್ಲ.